ಪರಾಗ್ವೆಯ ಎರಡು 'ನಾವು'

"ಅಲ್ಲಿ ಎಂತ ಇದೆ ನೋಡೋಕೆ?"

ಪರಾಗ್ವೆಗೆ ಹೋಗಿ ಬರ್ತೀನಿ ಅಂತ ಫೋನಲ್ಲಿ ಹೇಳಿದಾಗ ಅಮ್ಮ ಕೇಳಿದ್ದು ಇಷ್ಟೇ. ನನ್ನ ಹತ್ತಿರ ಉತ್ತರ ಇರಲಿಲ್ಲ. ಕೆಲಸದ ಮೇಲೆ ಎರಡು ತಿಂಗಳು ಬ್ರೆಜಿಲ್‌ನ ಸಾವೊ ಪಾಲೊದಲ್ಲಿದ್ದೆ. ಊರಿಗೆ ಮರಳುವ ಮುಂಚೆ ಹನ್ನೆರಡು ದಿನ ರಜೆ ಸಿಕ್ಕಿತ್ತು. ಆಫೀಸಿನವರು ಪೆರು ಅಂದರು, ಚಿಲಿ ಅಂದರು, ಬೊಲಿವಿಯಾ ಅಂದರು. ಪರಾಗ್ವೆ ಅಂದವರು ಒಬ್ಬರೂ ಇಲ್ಲ. ಅವರ ಪಾಲಿಗೆ ಅದು ಅಗ್ಗದ ಮೊಬೈಲ್ ಸಿಗುವ ಗಡಿಪೇಟೆ, ಅಷ್ಟೆ.

ದಕ್ಷಿಣ ಅಮೆರಿಕದಲ್ಲಿ ಕಡಲಿಲ್ಲದ ದೇಶಗಳು ಎರಡೇ, ಬೊಲಿವಿಯಾ ಮತ್ತು ಪರಾಗ್ವೆ. ಪ್ರವಾಸಿಗರೆಲ್ಲ ಬೊಲಿವಿಯಾಕ್ಕೆ ಹೋಗುತ್ತಾರೆ. ಅಲ್ಲಿ ಉಪ್ಪಿನ ಬಯಲಿದೆ, ಹಿಮದ ಬೆಟ್ಟಗಳಿವೆ. ಆದರೆ ಲಾ ಪಾಸ್ ಇರುವುದು ಸುಮಾರು 3,600 ಮೀಟರ್ ಎತ್ತರದಲ್ಲಿ. ಮುಳ್ಳಯ್ಯನಗಿರಿ ಹತ್ತುವಾಗಲೇ ನನಗೆ ಏದುಸಿರು ಬರುತ್ತೆ. ಪರಾಗ್ವೆಯ ಅತಿ ಎತ್ತರದ ಬೆಟ್ಟ ತ್ರೆಸ್ ಕಂದು, ಬರೀ 842 ಮೀಟರ್. ನಮ್ಮ ಬೆಂಗಳೂರು ಇರುವುದೇ ಸುಮಾರು 900 ಮೀಟರ್ ಎತ್ತರದಲ್ಲಿ. ಅಂದರೆ ಮೆಜೆಸ್ಟಿಕ್ ಬಸ್‌ಸ್ಟ್ಯಾಂಡಿನಲ್ಲಿ ನಿಂತವನು ಇಡೀ ಪರಾಗ್ವೆಗಿಂತ ಮೇಲೆ ನಿಂತಿರುತ್ತಾನೆ. ಈ ಲೆಕ್ಕ ನನಗೆ ಹಿಡಿಸಿತು. ಅಲ್ಲಿಗೇ ಹೊರಟೆ.

ಬ್ರೆಜಿಲ್‌ನ ಫೋಸ್ ದೊ ಇಗ್ವಾಸುವಿನಿಂದ ಪರಾಗ್ವೆಗೆ ಒಂದು ಸೇತುವೆ ಇದೆ. ಕೆಳಗೆ ಪರಾನಾ ನದಿ. ಸೇತುವೆಯ ಹೆಸರು 'ಗೆಳೆತನದ ಸೇತುವೆ', 1965ರಲ್ಲಿ ಶುರುವಾದದ್ದು. ಬೆಳಗ್ಗೆ ಒಂಬತ್ತಕ್ಕೆ ಅದರ ಮೇಲೆ ಕಾಲಿಟ್ಟರೆ ನಮ್ಮ ಚಿಕ್ಕಪೇಟೆ ನೆನಪಾಗುತ್ತದೆ. ಬೈಕು, ವ್ಯಾನು, ತಲೆ ಮೇಲೆ ಗಂಟು ಹೊತ್ತವರು. ನಾನೂ ಜನರ ಜೊತೆ ನಡೆದೆ. ಯಾರೂ ತಡೆಯಲಿಲ್ಲ, ಯಾರೂ ಪಾಸ್‌ಪೋರ್ಟ್ ಕೇಳಲಿಲ್ಲ. ಆ ಕಡೆ ಸಿಯುದಾದ್ ದೆಲ್ ಎಸ್ತೆ ಪೇಟೆಯಲ್ಲಿ ಒಂದು ಜ್ಯೂಸ್ ಕುಡಿದು, ಅರ್ಧ ಗಂಟೆ ಓಡಾಡಿದ ಮೇಲೆ ತಲೆಗೆ ಹೊಳೆಯಿತು. ನನ್ನ ಪಾಸ್‌ಪೋರ್ಟಿಗೆ ಒಂದೂ ಮುದ್ರೆ ಬಿದ್ದಿಲ್ಲ! ಕಾಗದದ ಲೆಕ್ಕದಲ್ಲಿ ನಾನಿನ್ನೂ ಬ್ರೆಜಿಲ್‌ನಲ್ಲೇ ಇದ್ದೇನೆ. ಇಲ್ಲಿ ಸ್ಥಳೀಯರು ದಿನಾ ಆಚೀಚೆ ಓಡಾಡುತ್ತಾರೆ, ಅವರನ್ನು ಯಾರೂ ನಿಲ್ಲಿಸುವುದಿಲ್ಲ. ಮುದ್ರೆ ಬೇಕಾದವರು ತಾವೇ ಹುಡುಕಿಕೊಂಡು ಹೋಗಿ ಹಾಕಿಸಿಕೊಳ್ಳಬೇಕು, ಎರಡೂ ಕಡೆ. ಮತ್ತೆ ಸೇತುವೆ ದಾಟಿ, ಬ್ರೆಜಿಲ್‌ನಿಂದ 'ಹೊರಟೆ' ಅನ್ನಿಸಿಕೊಂಡು, ಮತ್ತೆ ನಡೆದು ಬಂದು 'ಬಂದೆ' ಅನ್ನಿಸಿಕೊಂಡೆ. ಹೋಗುವವರು ಇದನ್ನು ಮರೆಯಬೇಡಿ. ವಾಪಸ್ ಹೋಗುವಾಗ ಮುದ್ರೆ ಇಲ್ಲದಿದ್ದರೆ ದಂಡ ತೆರಬೇಕಾಗುತ್ತದೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಮಗೆ ವೀಸಾ ಬೇಕು, ದೆಹಲಿಯಲ್ಲಿ ಪರಾಗ್ವೆ ರಾಯಭಾರ ಕಚೇರಿ ಇದೆ. ಅದಕ್ಕಿಂತ ಮುಖ್ಯ, ಹಳದಿ ಜ್ವರದ ಲಸಿಕೆ. ಹೊರಡುವ ಹತ್ತು ದಿನ ಮುಂಚೆಯಾದರೂ ಹಾಕಿಸಿಕೊಂಡು ಆ ಹಳದಿ ಕಾರ್ಡು ಜೋಪಾನ ಮಾಡಿ. ಬ್ರೆಜಿಲ್, ಪರಾಗ್ವೆ ಕಡೆಯಿಂದ ಬರುವವರ ಹತ್ತಿರ ಅದಿಲ್ಲದಿದ್ದರೆ ನಮ್ಮ ವಿಮಾನ ನಿಲ್ದಾಣದಲ್ಲೇ ಹಿಡಿದು ದಿನಗಟ್ಟಲೆ ಬೇರೆ ಇಡುತ್ತಾರೆ.

ಸಿಯುದಾದ್ ದೆಲ್ ಎಸ್ತೆಯಿಂದ ಸ್ವಲ್ಪ ದೂರದಲ್ಲೇ ಇತಾಯ್‌ಪು ಅಣೆಕಟ್ಟು. ಅಲ್ಲಿಗೆ ನಾನು ಬೇಕಂತಲೇ ಹೋದೆ. ನಮ್ಮಜ್ಜನ ಊರು ಸಾಗರದ ಕಡೆಯ ಒಂದು ಹಳ್ಳಿ. ಈಗ ಅದು ಲಿಂಗನಮಕ್ಕಿಯ ನೀರಡಿ ಇದೆ. ನಮ್ಮ ಮನೆಯಲ್ಲಿ 'ಮುಳುಗಡೆ' ಅನ್ನುವುದು ಪಂಚಾಂಗದ ಹಾಗೆ. ಮುಳುಗಡೆಗಿಂತ ಮುಂಚೆ, ಮುಳುಗಡೆ ಆದಮೇಲೆ ಅಂತ ವರ್ಷ ಎಣಿಸುತ್ತಾರೆ. ಹಾಗಾಗಿ ದೊಡ್ಡ ಅಣೆಕಟ್ಟು ಕಂಡರೆ ನನಗೆ ಹೆಮ್ಮೆ ಮತ್ತು ಸಿಟ್ಟು ಒಟ್ಟಿಗೇ ಬರುತ್ತವೆ.

ಇತಾಯ್‌ಪು ಬ್ರೆಜಿಲ್ ಮತ್ತು ಪರಾಗ್ವೆಯ ಜಂಟಿ ಆಸ್ತಿ. ಒಪ್ಪಂದ ಆದದ್ದು 1973ರಲ್ಲಿ, ಕರೆಂಟು ಬಂದದ್ದು 1984ರಲ್ಲಿ. 20 ಯಂತ್ರಗಳು, ಒಂದೊಂದು 700 ಮೆಗಾವಾಟ್. ನಮ್ಮ ಶರಾವತಿ ವಿದ್ಯುದಾಗಾರದ ಹತ್ತೂ ಯಂತ್ರ ಸೇರಿದರೆ 1,035 ಮೆಗಾವಾಟ್. ಇಲ್ಲಿನ ಎರಡು ಯಂತ್ರಕ್ಕೆ ಅದು ಸಮವಾಗುವುದಿಲ್ಲ. ಬಸ್ಸಿನಲ್ಲಿ ಕರೆದುಕೊಂಡು ಹೋಗಿ ತೋರಿಸುತ್ತಾರೆ, ಗೋಡೆ ನೋಡಿದರೆ ಕತ್ತು ನೋಯುತ್ತದೆ. ನನಗೆ ಮಜಾ ಅನ್ನಿಸಿದ್ದು ಬೇರೆ ಸಂಗತಿ. ಪರಾಗ್ವೆಯ ಕರೆಂಟು 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಆವರ್ತ. ಬ್ರೆಜಿಲ್‌ನದು 60. ಹಾಗಾಗಿ ಹತ್ತು ಯಂತ್ರ 50ಕ್ಕೆ, ಹತ್ತು ಯಂತ್ರ 60ಕ್ಕೆ ತಿರುಗುತ್ತವೆ. ಪರಾಗ್ವೆಗೆ ತನ್ನ ಅರ್ಧ ಪಾಲನ್ನು ಪೂರ್ತಿ ಬಳಸಲು ಆಗುತ್ತಿರಲಿಲ್ಲ. ಉಳಿದದ್ದು ಬ್ರೆಜಿಲ್‌ಗೆ ಹೋಗಬೇಕು. ಅದನ್ನು ನೇರ ವಿದ್ಯುತ್ತಾಗಿ ಬದಲಿಸಿ, ನೂರಾರು ಕಿಲೋಮೀಟರ್ ತಂತಿಯಲ್ಲಿ ಸಾವೊ ಪಾಲೊ ಕಡೆ ಕಳಿಸಿ, ಅಲ್ಲಿ ಮತ್ತೆ 60 ಹರ್ಟ್ಸ್ ಮಾಡುತ್ತಾರೆ. ಎರಡು ತಿಂಗಳು ನಾನು ಅಲ್ಲಿ ಇಡ್ಲಿ ಬೇಯಿಸಿದ್ದರಲ್ಲಿ ಪರಾಗ್ವೆಯ ಪಾಲೂ ಇತ್ತು ಅಂತಾಯಿತು. 'ಅಗ್ಗಕ್ಕೆ ಕೊಟ್ಟುಬಿಟ್ಟೆವು' ಅಂತ ಇಲ್ಲಿಯವರ ಹಳೇ ಕೊರಗು. ಕಟ್ಟಲು ಮಾಡಿದ ಸಾಲ 2023ರಲ್ಲಿ ತೀರಿದೆ. ಈಗ ದರದ ಮಾತು ಮತ್ತೆ ಮೇಲೆದ್ದಿದೆ.

ಮುಳುಗಿದ್ದು ಏನು? ನದಿಯ ಮೇಲ್ಭಾಗದಲ್ಲಿ ಗ್ವಾಯಿರಾ ಅನ್ನುವ ಜಲಪಾತಗಳ ಸಾಲಿತ್ತು. ನೀರಿನ ಪ್ರಮಾಣದಲ್ಲಿ ಜಗತ್ತಿನ ಅತಿ ದೊಡ್ಡ ಜಲಪಾತಗಳಲ್ಲಿ ಅದೂ ಒಂದು. 1982ರಲ್ಲಿ ಕೆಲವೇ ದಿನಗಳಲ್ಲಿ ಪೂರ್ತಿ ಮುಳುಗಿತು. ಅದೇ ವರ್ಷದ ಶುರುವಿನಲ್ಲಿ, ಕಡೆಯ ಸಲ ನೋಡೋಣ ಅಂತ ಬಂದ ಜನರ ಭಾರಕ್ಕೆ ಅಲ್ಲಿನ ತೂಗುಸೇತುವೆ ಮುರಿದು ಹತ್ತಾರು ಜನ ಸತ್ತರು. ಅಣೆಕಟ್ಟು ತೋರಿಸಿದ ಹುಡುಗಿ ಈ ಯಾವುದನ್ನೂ ಹೇಳಲಿಲ್ಲ. ನಾನೇ ಕೇಳಿದೆ. "ನಮ್ಮಮ್ಮ ನೋಡಿದ್ದಾಳೆ," ಅಂದಳು, ಮತ್ತೆ ಮೆಗಾವಾಟಿನ ಲೆಕ್ಕಕ್ಕೆ ಹೋದಳು.

ಅಲ್ಲಿಂದ ರಾಜಧಾನಿ ಅಸುನ್ಸಿಯೋನ್‌ಗೆ ಬಸ್ಸು, ಐದಾರು ಗಂಟೆ. ಕಿಟಕಿಯಾಚೆ ಕೆಂಪು ಮಣ್ಣು, ಕಣ್ಣು ಹಾಯಿಸಿದಷ್ಟೂ ಸೋಯಾ ಹೊಲ, ನಡುನಡುವೆ ದನ. ಊರುಗಳೇ ಕಡಿಮೆ. ದೇಶದ ವಿಸ್ತಾರ 4 ಲಕ್ಷ ಚದರ ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ, ಅಂದರೆ ಎರಡು ಕರ್ನಾಟಕ. ಜನ ಎಷ್ಟು ಗೊತ್ತಾ? 2022ರ ಗಣತಿಯಲ್ಲಿ ಸುಮಾರು 61 ಲಕ್ಷ. ನಮ್ಮದು 2011ರ ಗಣತಿಯಲ್ಲೇ 6.1 ಕೋಟಿ. ಸರಿಯಾಗಿ ಹತ್ತನೇ ಒಂದು ಪಾಲು. ಅದರಲ್ಲೂ ಪರಾಗ್ವೆ ನದಿ ದೇಶವನ್ನು ಎರಡು ಹೋಳು ಮಾಡಿದೆ. ಪಶ್ಚಿಮದ ಹೋಳು ಚಾಕೊ. ದೇಶದ ಅರ್ಧಕ್ಕಿಂತ ಹೆಚ್ಚು ನೆಲ ಅದೇ, ಜನ ಮಾತ್ರ ನೂರಕ್ಕೆ ಐದೂ ಇಲ್ಲ. ಬರೀ ಮುಳ್ಳುಗಾಡು. ಅಲ್ಲಿ 1927ರಿಂದ ಬಂದು ನೆಲೆಸಿದ ಮೆನೊನೈಟ್ ಕ್ರೈಸ್ತರು ಹಳೇ ಜರ್ಮನ್ ಮಾತಾಡುತ್ತಾ ಹಾಲಿನ ಸೊಸೈಟಿ ನಡೆಸುತ್ತಾರೆ. ಹೊರಗಿನವರ ಸಂಪರ್ಕವೇ ಬೇಡ ಅಂತ ಕಾಡಿನಲ್ಲಿ ಉಳಿದ ಅಯೋರೆಯೊ ಜನರ ಗುಂಪುಗಳೂ ಅಲ್ಲಿವೆ. ದನದ ಮೇವಿಗೆ ಅವರ ಕಾಡು ಬೋಳಾಗುತ್ತಿದೆ. ನಾನು ಚಾಕೊಗೆ ಹೋಗಲಿಲ್ಲ. ಹನ್ನೆರಡು ದಿನಕ್ಕೆ ಅದು ದಕ್ಕುವ ಜಾಗ ಅಲ್ಲ.

ಬಸ್ಸು ಒಂದು ಕಡೆ ನಿಂತಾಗ ದೊಡ್ಡ ಬುಟ್ಟಿ ಹೊತ್ತ ಹೆಂಗಸು ಹತ್ತಿದಳು. ಬುಟ್ಟಿ ಮೇಲೆ ಬಿಳಿ ಬಟ್ಟೆ. ಬಟ್ಟೆ ಸರಿಸಿದ್ದೇ ಇಡೀ ಬಸ್ಸಿಗೆ ಚೀಸು, ಸೋಂಪಿನ ಬಿಸಿ ವಾಸನೆ. ಚಿಪಾ! ಮರಗೆಣಸಿನ ಹಿಟ್ಟು, ಚೀಸು, ಮೊಟ್ಟೆ ಕಲಸಿ ಬಳೆಯ ಹಾಗೆ ಸುತ್ತಿ ಸುಟ್ಟಿರುತ್ತಾರೆ. ಹೊರಗೆ ಗರಿ, ಒಳಗೆ ರಬ್ಬರಿನ ಹಾಗೆ ಎಳೆಎಳೆ. ಮದ್ದೂರಲ್ಲಿ ರೈಲು ನಿಂತಾಗ ವಡೆ ಮಾರುವವರು ಹತ್ತುತ್ತಾರಲ್ಲ, ಅದೇ ಗಡಿಬಿಡಿ, ಅದೇ ಚಿಲ್ಲರೆ ಜಗಳ. ನಾನು ಮೊಟ್ಟೆ ತಿನ್ನುವ ಸಸ್ಯಾಹಾರಿ. ನಾಲ್ಕು ದಿನ ಮೂರು ಹೊತ್ತೂ ಚಿಪಾ ತಿಂದು, ದೇಶ ಎಂಥ ಒಳ್ಳೇದು ಅಂದುಕೊಂಡೆ. ಐದನೇ ದಿನ ಗೊತ್ತಾಯಿತು, ಹಳೇ ಕ್ರಮದಲ್ಲಿ ಅದಕ್ಕೆ ಹಂದಿ ಕೊಬ್ಬು ಹಾಕುತ್ತಾರೆ. ಆಮೇಲಿಂದ ಕೇಳಿ ತಿಂದೆ. ಬೆಣ್ಣೆ ಹಾಕಿದ್ದೂ ಸಿಗುತ್ತದೆ.

'ಸೋಪಾ ಪರಾಗ್ವಾಯಾ' ಅಂದರೆ ಪರಾಗ್ವೆಯ ಸೂಪು. ಆರ್ಡರ್ ಮಾಡಿ ಚಮಚ ಹಿಡಿದು ಕೂತರೆ ತಟ್ಟೆಯಲ್ಲಿ ಒಂದು ಇಟ್ಟಿಗೆ ಬಂತು. ಜೋಳದ ಹಿಟ್ಟು, ಈರುಳ್ಳಿ, ಚೀಸು, ಹಾಲು ಹಾಕಿ ಬೇಯಿಸಿದ ಗಟ್ಟಿ ಕೇಕು ಅದು! ಹಿಂದೆ ಅಧ್ಯಕ್ಷರ ಅಡಿಗೆಯವಳು ಸೂಪಿಗೆ ಹಿಟ್ಟು ಜಾಸ್ತಿ ಹಾಕಿ, ಬೇರೆ ದಾರಿ ಕಾಣದೆ ಒಲೆಯೊಳಗಿಟ್ಟು ಸುಟ್ಟಳಂತೆ ಅಂತ ಒಂದು ಕಥೆ ಹೇಳುತ್ತಾರೆ. ನಿಜವೋ ಸುಳ್ಳೋ, ರುಚಿ ಮಾತ್ರ ನಿಜ. ಇನ್ನು ಬೇಯಿಸಿದ ಮರಗೆಣಸು ಪ್ರತಿ ಊಟಕ್ಕೂ ಕೇಳದೆಯೇ ಬರುತ್ತದೆ, ನಮ್ಮಲ್ಲಿ ಅನ್ನ ಬಂದ ಹಾಗೆ. ನಮ್ಮ ಕರಾವಳಿಗೆ, ಕೇರಳಕ್ಕೆ ಮರಗೆಣಸು ಬಂದದ್ದು ದಕ್ಷಿಣ ಅಮೆರಿಕದಿಂದಲೇ.

ಅಸುನ್ಸಿಯೋನ್‌ಗೆ ಬಂದಾಗ ಆಗಸ್ಟ್. ಅಲ್ಲಿಗೆ ಚಳಿಗಾಲದ ಕೊನೆ. ರಸ್ತೆ ಬದಿಯಲ್ಲಿ ಎಲೆ ಉದುರಿಸಿ ಬರೀ ಗುಲಾಬಿ ಹೂ ಹೊತ್ತ ಮರಗಳು. ಎಲ್ಲೋ ನೋಡಿದ ಹಾಗಿದೆಯಲ್ಲ ಅನ್ನಿಸಿತು. ಬೆಂಗಳೂರಲ್ಲಿ ಚಳಿ ಮುಗಿಯುವಾಗ ಎಲ್ಲರೂ ಫೋಟೋ ತೆಗೆದು ಹಾಕುವ ಟಬೂಬಿಯಾದ ಬಳಗ ಇದು. ಇಲ್ಲಿ ಇದರ ಹೆಸರು ಲಪಾಚೊ, ದೇಶದ ಮರ.

ನಾನು ಉಳಿದುಕೊಂಡದ್ದು ಒಬ್ಬ ಅಜ್ಜಿಯ ಮನೆಯ ಮೇಲ್ಮಾಳಿಗೆಯಲ್ಲಿ. ಮಗಳು ಶಾಲೆಯ ಟೀಚರ್. ನನ್ನದು ಮುರುಕು ಪೋರ್ಚುಗೀಸ್, ಅವರದು ಸ್ಪ್ಯಾನಿಷ್. ಹೇಗೋ ಗಾಡಿ ಓಡುತ್ತಿತ್ತು. ಮೊದಲ ಮಧ್ಯಾಹ್ನವೇ ಅಜ್ಜಿ ಅಂಗಳದಲ್ಲಿ ಕುರ್ಚಿ ಹಾಕಿ ಕರೆದರು. ಪಕ್ಕದ ಮನೆಯವರು ಇಬ್ಬರು ಬಂದು ಕೂತಿದ್ದರು. ನಡುವೆ ಚರ್ಮದ ಹೊದಿಕೆಯ ದೊಡ್ಡ ಥರ್ಮಾಸು, ಒಳಗೆ ಐಸ್ ನೀರು. ಅಜ್ಜಿ ಪುಟ್ಟ ಮರದ ಒರಳಲ್ಲಿ ಪುದೀನಾ ಮತ್ತೇನೋ ಸೊಪ್ಪು ಜಜ್ಜಿ ಆ ನೀರಿಗೆ ಹಾಕಿದರು. ದನದ ಕೊಂಬಿನ ಲೋಟಕ್ಕೆ ಮುಕ್ಕಾಲು ಭಾಗ ಯೆರ್ಬಾ ಅನ್ನುವ ಒಣ ಎಲೆಯ ಪುಡಿ ತುಂಬಿ, ಬೊಂಬಿಲ್ಯಾ ಅನ್ನುವ ಲೋಹದ ಕೊಳವೆ ಚುಚ್ಚಿದರು. ತುದಿಯಲ್ಲಿ ಪುಟ್ಟ ಜರಡಿ ಇರುವ ಕೊಳವೆ ಅದು. ನೀರು ಹೊಯ್ದರು. ಇದೇ ತೆರೆರೆ, ಪರಾಗ್ವೆಯ ಉಸಿರು. ಅರ್ಜೆಂಟೀನಾದವರು ಬಿಸಿನೀರಲ್ಲಿ ಕುಡಿಯುವ 'ಮಾತೆ' ಅನ್ನುವ ಪಾನೀಯವನ್ನೇ ಇವರು ತಣ್ಣೀರಲ್ಲಿ ಕುಡಿಯುತ್ತಾರೆ. ಗಿಡದ ಶಾಸ್ತ್ರೀಯ ಹೆಸರಲ್ಲೇ ಪರಾಗ್ವೆ ಇದೆ, ಐಲೆಕ್ಸ್ ಪರಾಗ್ವಾರಿಯೆನ್ಸಿಸ್. ತೆರೆರೆ 2020ರಲ್ಲಿ ಯುನೆಸ್ಕೊದ ಪರಂಪರೆಯ ಪಟ್ಟಿಗೂ ಸೇರಿತು.

ಮೊದಲ ಸುತ್ತು ಯಾರಿಗೂ ಇಲ್ಲ. ಅದನ್ನು ಪುಡಿಯೇ ಹೀರಿಕೊಳ್ಳುತ್ತದೆ. ಅದು ಸಂತ ತೋಮಸ್‌ಗೆ ಅಂತೆ, ನಾವು ನೈವೇದ್ಯ ಇಟ್ಟ ಹಾಗೆ. ಆಮೇಲೆ ಅಜ್ಜಿ ಒಬ್ಬೊಬ್ಬರಿಗೇ ತುಂಬಿ ಕೊಡುತ್ತಾ ಹೋದರು. ಒಬ್ಬರು ಹೀರಿ ಖಾಲಿ ಮಾಡಿ ಅಜ್ಜಿಗೆ ವಾಪಸ್, ಅಜ್ಜಿ ತುಂಬಿ ಮುಂದಿನವರಿಗೆ. ಅದೇ ಲೋಟ, ಅದೇ ಕೊಳವೆ.

ನನ್ನೊಳಗಿನ ಮಲೆನಾಡು ಎದ್ದು ಕೂತಿತು. ಎಂಜಲು! ಚೊಂಬು ತುಟಿಗೆ ತಾಗಿಸಿದರೆ ನಮ್ಮಜ್ಜಿಯ ಕೈಲಿ ಬೈಸಿಕೊಂಡು ಬೆಳೆದವನು ನಾನು. ಇಲ್ಲಿ ಪಕ್ಕದ ಮನೆಯ ಮೀಸೆ ಅಂಕಲ್ ಹೀರಿದ ಕೊಳವೆ ನನ್ನ ಕೈಗೆ ಬರುತ್ತಿದೆ. ಒರೆಸಿಕೊಳ್ಳಲೂ ಬಾರದು, ಹಾಗೆ ಮಾಡಿದರೆ ಅವಮಾನ. ಕಣ್ಣು ಮುಚ್ಚಿ ಹೀರಿದೆ. ಕಹಿ, ತಂಪು, ಹಸಿ ಹುಲ್ಲಿನ ಹಾಗೆ, ಕೊನೆಗೆ ಪುದೀನಾ. ಚೆನ್ನಾಗಿತ್ತು. ಲೋಟ ವಾಪಸ್ ಕೊಡುತ್ತಾ ಮರ್ಯಾದೆಗೆ 'ಗ್ರಾಸಿಯಾಸ್' ಅಂದೆ. ಥ್ಯಾಂಕ್ಸ್ ಅಂತ.

ಮುಂದಿನ ಸುತ್ತಲ್ಲಿ ನನ್ನನ್ನು ಬಿಟ್ಟು ಲೋಟ ಮುಂದೆ ಹೋಯಿತು. ಅದರ ಮುಂದಿನ ಸುತ್ತಲ್ಲೂ. ಏನು ತಪ್ಪಾಯಿತು ಅಂತ ತಿಳಿಯದೆ ಮುಖ ಸಣ್ಣಗೆ ಮಾಡಿಕೊಂಡು ಕೂತೆ. ಟೀಚರಮ್ಮ ನಕ್ಕು ಬಿಡಿಸಿ ಹೇಳಿದರು. ತೆರೆರೆ ಕೂಟದಲ್ಲಿ 'ಗ್ರಾಸಿಯಾಸ್' ಅಂದರೆ 'ಸಾಕು, ನನಗೆ ಇನ್ನು ಬೇಡ' ಅಂತ ಅರ್ಥ. ಬೇಕಾದವನು ಬಾಯಿ ಮುಚ್ಚಿಕೊಂಡು ಲೋಟ ವಾಪಸ್ ಕೊಟ್ಟರೆ ಸಾಕು.

ನಮ್ಮ ಕಡೆ ಮನೆಗೆ ಬಂದವರ ಮುಂದೆ ಕವಳದ ತಟ್ಟೆ ಇಡುತ್ತಾರೆ. ಎಲೆಗೆ ಸುಣ್ಣ ಹಚ್ಚುತ್ತಾ, ಅಡಿಕೆ ಕತ್ತರಿಸುತ್ತಾ ಮಾತು ಎಲ್ಲಿಂದ ಎಲ್ಲಿಗೋ ಹೋಗುತ್ತದೆ. ಅದೇ ಗತಿ ಇಲ್ಲಿಯೂ. ಕೆಲಸದ ನಡುವೆ, ಬ್ಯಾಂಕಿನ ಬಾಗಿಲ ಕಾವಲುಗಾರನ ಪಕ್ಕ, ಟ್ಯಾಕ್ಸಿ ಸೀಟಿನ ಕೆಳಗೆ, ಎಲ್ಲೆಲ್ಲೂ ಆ ಥರ್ಮಾಸು. ಮೂಲೆಮೂಲೆಯಲ್ಲಿ ನಾರು ಬೇರು ಮಾರುವ ಹೆಂಗಸರಿದ್ದಾರೆ. ಹೊಟ್ಟೆ ಉಬ್ಬರ ಅಂದರೆ ಒಂದು ಸೊಪ್ಪು, ನಿದ್ದೆ ಇಲ್ಲ ಅಂದರೆ ಇನ್ನೊಂದು. ಕೇಳಿದ್ದನ್ನು ಜಜ್ಜಿ ನೀರಿಗೆ ಹಾಕಿ ಕೊಡುತ್ತಾರೆ. ಸಕ್ಕರೆ ಕಾಯಿಲೆಯವರಿಗೆ ನಮ್ಮಲ್ಲೂ ಮಾರುವ ಸ್ಟೀವಿಯಾ ಈ ನೆಲದ ಗಿಡವೇ. ಇವರು ಅದನ್ನು 'ಸಿಹಿ ಸೊಪ್ಪು' ಅಂತ ತಲೆತಲಾಂತರದಿಂದ ಬಳಸುತ್ತಾ ಬಂದಿದ್ದಾರೆ.

ಆ ಅಂಗಳದಲ್ಲೇ ನನಗೆ ಪರಾಗ್ವೆ ತೆರೆದುಕೊಂಡದ್ದು. ಮೂರನೇ ದಿನ ಗಮನಿಸಿದೆ, ನನ್ನ ಜೊತೆ ಅವರು ಸ್ಪ್ಯಾನಿಷ್ ಆಡುತ್ತಾರೆ, ತಮ್ಮತಮ್ಮಲ್ಲಿ ಬೇರೆಯೇ ಏನೋ. ಮೂಗಿನಲ್ಲಿ ಗುನುಗುವಂಥ, ತಟಕ್ ತಟಕ್ ಅಂತ ನಿಲ್ಲುವ ಮಾತು. ಅದೇ ಗ್ವಾರಾನಿ. ಸ್ಪೇನಿನವರು ಬರುವ ಮುಂಚಿನಿಂದ ಇಲ್ಲಿದ್ದ ಜನರ ಭಾಷೆ. ಅಮೆರಿಕ ಖಂಡಗಳಲ್ಲಿ ಬೇರೆಡೆಯೆಲ್ಲ ಇಂಥ ಭಾಷೆಗಳು ಮೂಲೆ ಸೇರಿವೆ. ಇಲ್ಲಿ ಹಾಗಾಗಲಿಲ್ಲ. ಮೂಲನಿವಾಸಿ ಸಮುದಾಯಗಳವರು ಜನಸಂಖ್ಯೆಯಲ್ಲಿ ನೂರಕ್ಕೆ ಎರಡಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೆ. ಆದರೆ ಗ್ವಾರಾನಿ ಆಡುವವರು ದೇಶದ ಬಹುಪಾಲು ಜನ. ಸ್ಪ್ಯಾನಿಷ್ ಹೆಸರಿನ, ಬಿಳಿ ಮೈಬಣ್ಣದ ಬಸ್ ಡ್ರೈವರ್ ಕೂಡ ಬೈಯುವುದು ಗ್ವಾರಾನಿಯಲ್ಲೇ. ಎರಡನ್ನೂ ಕಲಸಿ ಆಡುವುದಕ್ಕೆ 'ಜೊಪಾರಾ' ಅಂತ ಹೆಸರು. ನಮ್ಮ ಬೆಂಗಳೂರು ಕನ್ನಡದ ಹಾಗೆ.

ನಾವೂ ಗೊತ್ತಿಲ್ಲದೆ ಈ ಬಳಗದ ಮಾತು ಆಡುತ್ತೇವೆ. ಅನಾನಸ್ ಅನ್ನುವ ಪದ ತುಪಿ-ಗ್ವಾರಾನಿ ಕಡೆಯಿಂದ ಪೋರ್ಚುಗೀಸರ ಬಾಯಿಗೆ ಬಂದು, ಹಡಗು ಹತ್ತಿ ನಮ್ಮ ಕರಾವಳಿಗೆ ಇಳಿಯಿತು. ಗೋಡಂಬಿಗೆ ಹೇಳುವ 'ಕಾಜು' ಕೂಡ ಅದೇ ದಾರಿಯಲ್ಲಿ ಬಂದದ್ದು. ಇನ್ನು ನಮ್ಮ ಅಕ್ಷರಮಾಲೆಯಲ್ಲಿ ಒಂದನೇ ಕ್ಲಾಸಿನಿಂದಲೂ ಕೆಲಸವಿಲ್ಲದೆ ಕೂತಿರುವ 'ಞ' ಇದೆಯಲ್ಲ, ಅದಕ್ಕೆ ಇಲ್ಲಿ ಕೈತುಂಬಾ ಕೆಲಸ. ಇತಾವ್‌ಗ್ವಾ ಊರಿನ ಹೆಂಗಸರು ಜೇಡರ ಬಲೆಯ ಹಾಗೆ ಹೆಣೆಯುವ ಕಸೂತಿಯ ಹೆಸರು 'ಞಂದುತಿ'. ದೊಡ್ಡ ಹೆಂಗಸರನ್ನು ಕರೆಯುವಾಗ ಹೆಸರಿನ ಮುಂದೆ 'ಞಾ'.

ಟೀಚರಮ್ಮ ಒಂದು ಸಂಜೆ ನನಗೆ ಪಾಠ ಶುರು ಮಾಡಿದರು. "ಗ್ವಾರಾನಿಯಲ್ಲಿ 'ನಾವು' ಎರಡಿವೆ," ಅಂದರು. 'ಞಂದೆ' ಅಂದರೆ ಕೇಳುತ್ತಿರುವ ನೀನೂ ಸೇರಿದ ನಾವು. 'ಒರೆ' ಅಂದರೆ ನಿನ್ನನ್ನು ಬಿಟ್ಟು ನಾವು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಇದು ನಮ್ಮ ಪಕ್ಕದ ಮನೆಯ ಸಂಗತಿ! ತೆಲುಗಿನಲ್ಲಿ ಮನಮು ಬೇರೆ, ಮೇಮು ಬೇರೆ. ತಮಿಳಿನಲ್ಲಿ ಇದೆ. ತುಳುವಿನಲ್ಲಿ ನಮ, ಎಂಕುಲು ಇವೆ. ಕನ್ನಡದಲ್ಲಿ ಮಾತ್ರ ಈಗ ಒಂದೇ 'ನಾವು'. "ನಾವು ಸಿನಿಮಾಕ್ಕೆ ಹೊರಟಿದೀವಿ" ಅಂತ ಪಕ್ಕದ ಮನೆಯವರು ಅಂದರೆ, ಕರೆದರೋ ಸುಮ್ನೆ ಹೇಳಿದರೋ ಅಂತ ಮುಖ ನೋಡಿ ತಿಳಿಯಬೇಕು. ಇದನ್ನು ಅರೆಬರೆ ಪೋರ್ಚುಗೀಸಲ್ಲಿ ಅವರಿಗೆ ವಿವರಿಸಲು ನನಗೆ ಅರ್ಧ ಗಂಟೆ ಬೇಕಾಯಿತು. "ಪಾಪ, ನಿಮಗೆ ಒಂದೇ?" ಅಂದರು ಅಜ್ಜಿ.

ಈ ಭಾಷೆ ಉಳಿದದ್ದು ಹೇಗೆ? ಕಥೆ ಸಿಹಿಯಾಗೇನೂ ಇಲ್ಲ. 1537ರಲ್ಲಿ ಸ್ಪೇನಿನವರು ಅಸುನ್ಸಿಯೋನ್ ಕಟ್ಟಿದಾಗ ಬಂದವರೆಲ್ಲ ಹೆಚ್ಚುಕಮ್ಮಿ ಗಂಡಸರು. ಗ್ವಾರಾನಿ ಹೆಂಗಸರನ್ನು ಒಪ್ಪಂದದಿಂದಲೋ ಬಲಾತ್ಕಾರದಿಂದಲೋ ಮನೆಗೆ ತಂದರು. ಹುಟ್ಟಿದ ಮಕ್ಕಳು ತಾಯಿಯ ಮಾತು ಕಲಿತರು. ದಕ್ಷಿಣದ ಕಡೆ ಜೆಸ್ಯೂಟ್ ಪಾದ್ರಿಗಳು ಹಳ್ಳಿಗಳನ್ನೇ ಕಟ್ಟಿ ಗ್ವಾರಾನಿಯಲ್ಲೇ ಬೋಧಿಸಿದರು. 1767ರಲ್ಲಿ ಅವರನ್ನು ಓಡಿಸಲಾಯಿತು. ಆ ಕಡೆಯ ತ್ರಿನಿದಾದ್ ಅನ್ನುವ ಊರಲ್ಲಿ ಅವರ ಇಗರ್ಜಿಯ ಕೆಂಪು ಕಲ್ಲಿನ ಅವಶೇಷ ಈಗಲೂ ಇದೆ. ಗೋಡೆಯ ಮೇಲೆ ವಾದ್ಯ ನುಡಿಸುವ ದೇವದೂತರ ಸಾಲು. ಸಂಜೆ ಬಿಸಿಲಲ್ಲಿ ಅದನ್ನು ನೋಡಿದಾಗ ಜಾಗದಲ್ಲಿ ನಾನೂ ಒಂದು ನಾಯಿಯೂ ಬಿಟ್ಟರೆ ಯಾರೂ ಇರಲಿಲ್ಲ.

1811ರಲ್ಲಿ ಸ್ವತಂತ್ರವಾದ ಮೇಲೆ ಫ್ರಾನ್ಸಿಯಾ ಅನ್ನುವ ಸರ್ವಾಧಿಕಾರಿ ಬಂದ. 1840ರಲ್ಲಿ ಸಾಯುವವರೆಗೂ ದೇಶದ ಬಾಗಿಲು ಹಾಕಿಬಿಟ್ಟ. ಒಳಬರುವುದೂ ಕಷ್ಟ, ಹೊರಹೋಗುವುದೂ ಕಷ್ಟ. ಸ್ಪೇನಿನ ಬಿಳಿಯರು ತಮ್ಮೊಳಗೇ ಮದುವೆ ಆಗಬಾರದು ಅಂತ ಆಜ್ಞೆ ಹೊರಡಿಸಿದ. ಕಡಲಿಲ್ಲದ ದೇಶಕ್ಕೆ ಬೀಗವೂ ಬಿತ್ತು. ಒಳಗೆ ಗ್ವಾರಾನಿ ಬೇರು ಬಿಟ್ಟಿತು.

ಆಮೇಲೆ ಯುದ್ಧ. ಆಗಸ್ಟ್ 16ರ ಬೆಳಗ್ಗೆ ಚೌಕದಲ್ಲಿ ಬಲೂನು, ಗಾಳಿ ತುಂಬಿದ ಜಾರುಬಂಡೆ, ಮಿಠಾಯಿ. ಮಕ್ಕಳ ದಿನಾಚರಣೆ ಅಂದರು. ಚಾಚಾ ನೆಹರೂ ತರಹ ಯಾರದೋ ಹುಟ್ಟಿದ ದಿನ ಇರಬೇಕು ಅಂದುಕೊಂಡು ಕೇಳಿದೆ. ಅಲ್ಲ. 1864ರಿಂದ 1870ರವರೆಗೆ ಪರಾಗ್ವೆ ಒಂದು ಕಡೆ, ಬ್ರೆಜಿಲ್, ಅರ್ಜೆಂಟೀನಾ, ಉರುಗ್ವೆ ಮೂರೂ ಇನ್ನೊಂದು ಕಡೆ ನಿಂತು ಕಾದಾಡಿದವು. ಕೊನೆಕೊನೆಗೆ ಕಾದಲು ಗಂಡಸರೇ ಉಳಿಯಲಿಲ್ಲ. 1869ರ ಆಗಸ್ಟ್ 16ರಂದು ಅಕೋಸ್ತಾ ಞು ಬಯಲಲ್ಲಿ ಹುಡುಗರನ್ನು ನಿಲ್ಲಿಸಿದರು. ದೂರಕ್ಕೆ ದೊಡ್ಡವರ ಹಾಗೆ ಕಾಣಲಿ ಅಂತ ಮುಖಕ್ಕೆ ಸುಳ್ಳು ಗಡ್ಡ ಅಂಟಿಸಿದ್ದರು ಅಂತ ಹೇಳುತ್ತಾರೆ. ಆ ದಿನವೇ ಇಲ್ಲಿ ಮಕ್ಕಳ ದಿನ. ಸತ್ತವರ ಲೆಕ್ಕದ ಬಗ್ಗೆ ಇತಿಹಾಸಕಾರರು ಇನ್ನೂ ಜಗಳ ಆಡುತ್ತಾರೆ. ದೇಶದ ಅರ್ಧಕ್ಕಿಂತ ಹೆಚ್ಚು ಜನ ಅನ್ನುವವರೇ ಜಾಸ್ತಿ. ಉಳಿದವರು ಹೆಂಗಸರು, ಎಳೆಯರು, ಮುದುಕರು. ಅವರೇ ಹೊಲ ಉತ್ತರು, ಮನೆ ಕಟ್ಟಿದರು. ಮಕ್ಕಳಿಗೆ ತಾಯಂದಿರ ಮಾತೇ ಬಂತು. ತಾಯ್ನುಡಿ ಅನ್ನುವ ಪದವನ್ನು ನಾವು ಎಷ್ಟು ಸಲೀಸಾಗಿ ಬಳಸುತ್ತೇವೆ ಅಂತ ಆ ಚೌಕದಲ್ಲಿ ನಿಂತಾಗ ಅನ್ನಿಸಿತು.

1932ರಿಂದ 35ರವರೆಗೆ ಚಾಕೊಗಾಗಿ ಬೊಲಿವಿಯಾ ಜೊತೆ ಇನ್ನೊಂದು ಯುದ್ಧ. ಕಡಲಿಲ್ಲದ ಇಬ್ಬರು ನೀರಿಲ್ಲದ ಮುಳ್ಳುಗಾಡಿಗಾಗಿ ಹೊಡೆದಾಡಿದರು! ಆಗ ಶತ್ರುವಿಗೆ ತಿಳಿಯಬಾರದು ಅಂತ ಸೈನ್ಯದ ಸಂದೇಶಗಳು ಗ್ವಾರಾನಿಯಲ್ಲಿ ಹೋಗುತ್ತಿದ್ದವು. ಯುದ್ಧಕ್ಕೆ ಬೇಕಾದ ಭಾಷೆ ಶಾಲೆಗೆ ಬೇಡವಾಗಿತ್ತು. 1954ರಿಂದ 1989ರವರೆಗೆ ಆಳಿದ ಸರ್ವಾಧಿಕಾರಿ ಸ್ತ್ರೋಸ್ನರ್ ಕಾಲದಲ್ಲೂ ಕ್ಲಾಸಿನಲ್ಲಿ ಗ್ವಾರಾನಿ ಆಡಿದರೆ ಮಕ್ಕಳಿಗೆ ಶಿಕ್ಷೆ ಇತ್ತು. ಅಜ್ಜಿ ತನ್ನ ಬಾಯಿ ತೋರಿಸಿ, ಕೆನ್ನೆಗೆ ಹೊಡೆದ ಹಾಗೆ ಕೈ ಮಾಡಿದರು. ನಾನು ಓದಿದ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಕನ್ನಡ ಮಾತಾಡಿದರೆ ಐದು ರೂಪಾಯಿ ದಂಡ ಇತ್ತು ಅಂದೆ. ನನ್ನ ಹೆಸರಲ್ಲಿ ಒಮ್ಮೆ ಮೂವತ್ತೈದು ರೂಪಾಯಿ ಆಗಿತ್ತು. ಅಜ್ಜಿ ನಕ್ಕು ಲೋಟ ತುಂಬಿ ಕೊಟ್ಟರು. ಈ ಸಲ ಗ್ರಾಸಿಯಾಸ್ ಅನ್ನಲಿಲ್ಲ.

1992ರ ಸಂವಿಧಾನದಲ್ಲಿ ಗ್ವಾರಾನಿಗೂ ಸ್ಪ್ಯಾನಿಷ್‌ನಷ್ಟೇ ಅಧಿಕೃತ ಸ್ಥಾನ ಸಿಕ್ಕಿತು. ದುಡ್ಡಿನ ಹೆಸರೂ ಗ್ವಾರಾನಿ. ನಾನು ಹೋದಾಗ ಒಂದು ಡಾಲರ್‌ಗೆ ಏಳು ಸಾವಿರದ ಮೇಲಿತ್ತು. ಒಂದು ಲಕ್ಷದ ನೋಟು ಜೇಬಿನಲ್ಲಿಟ್ಟುಕೊಂಡು ಓಡಾಡಿದೆ, ಊಟ ಮಾಡಿದ ಮೇಲೆ ಅರ್ಧ ಲಕ್ಷವೇ ಉಳಿಯುತ್ತಿತ್ತು.

ಹಾಗಂತ ಎಲ್ಲ ಸರಿಯಿದೆ ಅಂತಲ್ಲ. ರಾಜಧಾನಿಯ ಮಕ್ಕಳು ಸ್ಪ್ಯಾನಿಷ್ ಕಡೆ ವಾಲುತ್ತಿದ್ದಾರೆ ಅಂತ ಟೀಚರಮ್ಮನ ಬೇಸರ. ನನಗೆ ಇನ್ನೂ ಚುಚ್ಚಿದ್ದು ಬೇರೆ. ಊರ ನಡುವಿನ ಚೌಕದಲ್ಲಿ ಟಾರ್ಪಾಲು ಕಟ್ಟಿಕೊಂಡು ಕೂತಿದ್ದ ಮೂಲನಿವಾಸಿ ಕುಟುಂಬಗಳು. ಅವರ ನೆಲ ಸೋಯಾ ಹೊಲ ಆಗಿದೆ. ಅವರ ಭಾಷೆಯ ಹೆಸರು ನ್ಯಾಯಾಲಯದ ಫಲಕದಲ್ಲಿದೆ, ನೋಟಿನ ಮೇಲಿದೆ. ದಾಟಿ ಹೋಗುವವರೂ ಗ್ವಾರಾನಿ ಆಡುತ್ತಾರೆ, ಕೂತವರೂ ಗ್ವಾರಾನಿ ಬಳಗದ ಮಾತೇ ಆಡುತ್ತಾರೆ. ಆ 'ಞಂದೆ'ಯೊಳಗೆ ಇವರು ಇದ್ದಾರೋ ಇಲ್ಲವೋ ಅಂತ ಟೀಚರಮ್ಮನನ್ನು ಕೇಳಬೇಕೆನಿಸಿತು. ಕೇಳಲಿಲ್ಲ. ನಮ್ಮ ಕಡೆಯ ಹಾಡಿಗಳ ಬಗ್ಗೆ ಅವರು ತಿರುಗಿ ಕೇಳಿದರೆ ನನ್ನ ಹತ್ತಿರ ಏನಿತ್ತು?

ಕೊನೆಯ ಸಂಜೆ ನದಿ ದಂಡೆಗೆ ಹೋದೆವು. ಅಜ್ಜಿ "ಜಹಾ" ಅಂದರು. 'ನಡಿ, ಹೋಗೋಣ' ಅಂತ, ನನ್ನನ್ನೂ ಸೇರಿಸಿ. ಕಡಲಿಲ್ಲ ಅಂತ ಈ ದೇಶಕ್ಕೆ ನೀರಿನ ದಾರಿ ಇಲ್ಲ ಅಂದುಕೊಳ್ಳಬೇಡಿ. ನೌಕಾಪಡೆಯೇ ಇದೆ! ಪರಾಗ್ವೆ ನದಿ ಪರಾನಾ ಸೇರಿ, ಬ್ಯೂನಸ್ ಐರಿಸ್ ಹತ್ತಿರ ಕಡಲು ಮುಟ್ಟುತ್ತದೆ. ಸೋಯಾ ತುಂಬಿದ ದೋಣಿಗಳನ್ನು ರೈಲು ಬೋಗಿಗಳ ಹಾಗೆ ಒಂದಕ್ಕೊಂದು ಕಟ್ಟಿ, ಹಿಂದಿನಿಂದ ಒಂದು ಹಡಗು ನೂಕುತ್ತಾ ಹೋಗುತ್ತದೆ. ಅಂಥದ್ದೊಂದು ಸಾಲು ನಮ್ಮೆದುರು ನಿಧಾನಕ್ಕೆ ಸಾಗಿತು. ಪೂರ್ತಿ ದಾಟುವಷ್ಟರಲ್ಲಿ ಲೋಟ ಎರಡು ಸುತ್ತು ಬಂದಿತ್ತು.

ಊರಿಗೆ ಬರುವಾಗ ಅರ್ಧ ಕಿಲೋ ಯೆರ್ಬಾ, ಒಂದು ಬೊಂಬಿಲ್ಯಾ, ಒಂದು ಲೋಟ ತಂದೆ. ಅಮ್ಮನ ಮುಖ ನೆನೆಸಿಕೊಂಡು ಕೊಂಬಿನದು ಬಿಟ್ಟು ಮರದ್ದು ಕೊಂಡೆ. ಜಗಲಿಯಲ್ಲಿ ಕೂತು, ತೋಟದ ಪುದೀನಾ ಜಜ್ಜಿ, ಕ್ರಮವಾಗಿ ಎಲ್ಲ ಮಾಡಿ, ಮೊದಲು ನಾನು ಹೀರಿ, ತುಂಬಿ ಅಮ್ಮನ ಕಡೆ ಚಾಚಿದೆ. ಅಮ್ಮ ಕೊಳವೆ ನೋಡಿದರು, ನನ್ನ ಬಾಯಿ ನೋಡಿದರು. ಒಳಗೆ ಹೋಗಿ ಚಹದ ಜರಡಿ ತಂದು, ಎಲ್ಲವನ್ನೂ ಪಾತ್ರೆಗೆ ಸೋಸಿ, ಮೂರು ಸ್ಟೀಲ್ ಲೋಟಕ್ಕೆ ಹಂಚಿದರು. ಎತ್ತಿ ಹಿಡಿದು ಒಂದು ಗುಟುಕು ಬಾಯಿಗೆ ಹೊಯ್ದುಕೊಂಡರು.

"ಇದು ಕಷಾಯವೇ ಅಲ್ವಾ? ಆರಿಸಿಬಿಟ್ಟಿದಾರೆ ಅಷ್ಟೆ," ಅಂದರು. ಆಮೇಲೆ ಅಪ್ಪನ ಲೋಟಕ್ಕೆ ಒಂದು ಚಮಚ ಬೆಲ್ಲ ಹಾಕಿದರು.